ಒನ್ಸ್ ಮೋರ್ ಕೇಳಿದ ಬಸವಪ್ರಭು

ಜೀವನ್ ಬಿಮಾ ನಗರದ ಹಿಂದಿನ ಸಾಲಿನಲ್ಲಿ ಬಾಡಿಗೆಗಿದ್ದ ಬಸವಪ್ರಭುವನ್ನು ಬೆಳಗ್ಗೆ ನೋಡಿದವರು ಸಂಜೆ ನೋಡಿದರೆ ಗುರುತು ಹಿಡಿಯುವುದು ಕಷ್ಟವಿತ್ತು. ಬೆಳಗ್ಗೆ ಅವನು ದೊಮ್ಮಲೂರಿನ ಪಂಪ್‌ಸೆಟ್ ಕಂಪನಿಯೊಂದರ ಸ್ಟೋರ್ ಕೀಪರ್. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ, ಮ್ಯಾನೇಜರ್ ಎದುರಾದರೆ ಗೋಡೆಗೆ ಅಂಟಿಕೊಳ್ಳುವಷ್ಟು ಸಂಕೋಚ. ಆದರೆ ಗಾಯಕ ಉದಯಚಂದ್ರನ ಹಾಡು ಎಲ್ಲಿಂದಲಾದರೂ ಕಿವಿಗೆ ಬಿತ್ತೋ, ಮುಗಿಯಿತು. ಎರಡು ಬೆರಳು ಬಾಯೊಳಗೆ ಹೋಗಿ, ಮಲಗಿದ್ದ ಬೀದಿನಾಯಿಗಳು ಎದ್ದು ನಿಲ್ಲುವಂಥ ಸಿಳ್ಳೆ ಹೊರಗೆ ಬರುತ್ತಿತ್ತು. ಉದಯಚಂದ್ರ ಅಭಿಮಾನಿ ಸಂಘದ ಕಂಟೋನ್ಮೆಂಟ್ ಶಾಖೆಗೆ ಅವನೇ ಕಾರ್ಯದರ್ಶಿ. ಈ ಪದವಿಗೆ ಸಂಬಳವಿಲ್ಲ, ರಜೆಯೂ ಇಲ್ಲ.

ಹೆಂಡತಿ ಸಂಗಮ್ಮನಿಗೆ ಈ ಹುಚ್ಚು ಇರಲಿಲ್ಲ. ಅವಳಿಗೆ ಗದ್ದಲವೆಂದರೆ ಆಗದು. ರಸೆಲ್ ಮಾರ್ಕೆಟ್ಟಿಗೆ ಹೋದರೂ ಜನ ಕಡಿಮೆ ಇರುವ ಹೊತ್ತು ನೋಡಿಕೊಂಡು ಹೋಗುವವಳು. ದಾವಣಗೆರೆ ಕಡೆಯ ಹೆಣ್ಣು. ಜೋಳದ ರೊಟ್ಟಿ ತಟ್ಟಲು ಕೂತಳೆಂದರೆ ಆ ಸದ್ದು ಕೇಳಿ ಪಕ್ಕದ ಮನೆಯವರಿಗೂ ಹಸಿವಾಗುತ್ತಿತ್ತು.

ತೊಂಬತ್ತಾರರ ಚಳಿಗಾಲದಲ್ಲಿ ಉದಯಚಂದ್ರ ಹಲಸೂರಿನ ಮೈದಾನದಲ್ಲಿ ಹಾಡಿದ. ಆ ಕಾರ್ಯಕ್ರಮವನ್ನೇ ಸಿನಿಮಾ ಮಾಡುತ್ತಾರಂತೆ, ನಾಲ್ಕೂ ಕಡೆ ಕ್ಯಾಮೆರಾ ಇಡುತ್ತಾರಂತೆ ಎಂಬ ಸುದ್ದಿ ಹಬ್ಬಿ ಊರಿಗೆ ಊರೇ ಹೊರಟಿತು. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿ ಒಮ್ಮೆಯೂ ತನ್ನ ದೇವರನ್ನು ನೋಡಿಲ್ಲವೆಂಬ ಕೊರಗು ಬಸವಪ್ರಭುವಿಗೆ. ಬೇಡಿದ, ಮುನಿಸಿಕೊಂಡ, ಒಂದು ಹೊತ್ತು ಊಟ ಬಿಟ್ಟ. ಕೊನೆಗೆ ಸಂಗಮ್ಮ ಒಪ್ಪಿ, ಒಂದೇ ಒಂದು ಷರತ್ತು ಹಾಕಿದಳು.

"ಬರ್ತೀನಿ. ಆದ್ರೆ ನನ್ನ ಕೈ ಮಾತ್ರ ಬಿಡಬಾರ್ದು ನೀವು."

"ಪ್ರಾಣ ಬಿಟ್ಟೇನು, ಕೈ ಬಿಡ್ತೀನಾ?" ಎಂದ ಬಸವಪ್ರಭು. ಇಂಥ ಮಾತು ಆಡುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ.

ಕೊನೆಯ ಹಾಡಿನ ಹೊತ್ತಿಗೆ ಉದಯಚಂದ್ರ ಬೆವರು ಒರೆಸಿಕೊಂಡ ಟವೆಲನ್ನು ಜನರತ್ತ ಎಸೆದ. ಆಮೇಲೆ ನಡೆದದ್ದನ್ನು ಬಸವಪ್ರಭು ಹೇಳುತ್ತಿದ್ದುದು ಹೀಗೆ: ಹಿಂದಿನಿಂದ ಜನ ಅಲೆಯಂತೆ ನುಗ್ಗಿದರು, ಹೆಂಡತಿಯ ಕೈ ತಪ್ಪಿತು, ಅವನನ್ನು ಜನವೇ ತಳ್ಳಿಕೊಂಡು ವೇದಿಕೆಯ ಬಳಿ ಒಯ್ದಿತು, ಟವೆಲ್ ತಾನಾಗಿಯೇ ಬಂದು ಅವನ ಕೈಗೆ ಬಿತ್ತು. ತಿರುಗಿ ಬಂದು ನೋಡಿದರೆ ಸಂಗಮ್ಮ ಕೆಳಗೆ ಬಿದ್ದಿದ್ದಳು. ಬಲಗೈ ಮಣಿಕಟ್ಟು ಮುರಿದಿತ್ತು. ಆ ಟವೆಲನ್ನೇ ಅವಳ ಕುತ್ತಿಗೆಗೆ ಜೋಲಿ ಕಟ್ಟಿ, ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದ. "ಉದಯಚಂದ್ರನ ಟವೆಲ್ ಕಣ್ರೀ! ಬೇರೆ ಯಾರಾದ್ರೂ ಆಗಿದ್ರೆ ಕಟ್ತಿದ್ರಾ?" ಎಂದು ಕೇಳುತ್ತಿದ್ದ. ಕೇಳಿದವರು ಪಾಪ, ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದರು.

ವಿಷಯ ತಿಳಿದು ಸಂಗಮ್ಮನ ಅಣ್ಣ ಶಿವಶಂಕರಪ್ಪ ಊರಿನಿಂದ ರಾತ್ರಿ ಬಸ್ಸು ಹಿಡಿದು ಬಂದ. ಮಾತು ಕಡಿಮೆಯ ಮನುಷ್ಯ. ಆದರೆ ತಂಗಿಯ ಪ್ಲಾಸ್ಟರ್ ಕೈ ನೋಡಿ ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದ.

"ಹೆಣ್ಮಗಳನ್ನ ಆ ಗದ್ದಲಕ್ಕೆ ಕರ್ಕೊಂಡೋಗಿ ಕೈ ಬಿಟ್ಟು ಬರೋದೇನ್ರೀ ಬಸವಪ್ರಭು ಅವ್ರೇ? ನಿಮ್ಮನ್ನ ನಂಬಿ ತಾನೆ ನಾವು ಕೊಟ್ಟಿದ್ದು?"

ಬಸವಪ್ರಭು ಬಾಯಿ ತೆರೆಯುವಷ್ಟರಲ್ಲಿ ಸಂಗಮ್ಮ ನಡುವೆ ಬಂದಳು. "ಇವರ ತಪ್ಪಿಲ್ಲ ಅಣ್ಣ. ಜನಾನೇ ಎಳ್ಕೊಂಡು ಹೋದ್ರು. ಇವರು ಎಷ್ಟು ಬಿಗಿಯಾಗಿ ಹಿಡ್ಕೊಂಡಿದ್ರು ಅಂದ್ರೆ, ನನ್ನ ಬಳೆಯೆಲ್ಲ ಪುಡಿಪುಡಿ ಆಗೋದ್ವು."

ಬಳೆಯ ಸಂಗತಿ ಬಸವಪ್ರಭುವಿಗೇ ಹೊಸದು. ಒಂದು ಕ್ಷಣ ಹೆಂಡತಿಯ ಮುಖ ನೋಡಿದ. ಅವಳು ಅಣ್ಣನಿಗೆ ನೀರು ತರಲು ಒಳಗೆ ಹೋದಳು. ಶಿವಶಂಕರಪ್ಪನ ಸಿಟ್ಟು ಇಳಿಯಿತು. ಹೋಗುವಾಗ ತಂಗಿಯ ಗಂಡನ ಬೆನ್ನು ತಟ್ಟಿ ಹೋದ. ಮರುವಾರದಿಂದ ಬಸವಪ್ರಭುವಿನ ಕಥೆಯಲ್ಲಿ ಬಳೆಗಳೂ ಒಡೆಯತೊಡಗಿದವು. ಒಂದೇ ಸುಳ್ಳನ್ನು ಹೇಳಿ ಹೇಳಿ ಅವನಿಗೆ ಅದು ನೆನಪೇ ಆಗಿಹೋಯಿತು. ಟವೆಲ್ ಮಡಿಕೆಯಾಗಿ ಹಾಲ್‌ನ ಶೋಕೇಸಿಗೆ ಸೇರಿತು. ಸಂಗಮ್ಮನ ಮಣಿಕಟ್ಟು ಕೂಡಿತಾದರೂ ಸ್ವಲ್ಪ ಸೊಟ್ಟಗೇ ಉಳಿಯಿತು. ರೊಟ್ಟಿ ತಟ್ಟುವ ಸದ್ದು ಆ ಮನೆಯಲ್ಲಿ ನಿಂತೇಹೋಯಿತು.

ಬೇಸಿಗೆಗೆ ಸಿನಿಮಾ ಬಂತು. ಕಥೆಯಿಲ್ಲ, ಫೈಟಿಲ್ಲ, ಬರೀ ಹಾಡು. ಹಲಸೂರಿನ ಟಾಕೀಸಿನ ಆಪರೇಟರ್ ಲತೀಫ್ ಹಿಂದಿನ ದಿನವೇ ರೀಲು ಹಾಕಿ ಪರೀಕ್ಷೆ ಮಾಡಿದ್ದ. ಅವನೂ ಸಂಘದವನೇ. ನೇರ ಕಂಪನಿಗೆ ಫೋನ್ ಮಾಡಿ, "ಪ್ರಭಣ್ಣ, ಪಿಕ್ಚರಲ್ಲಿ ನೀವಿದೀರಾ! ಲಾಸ್ಟ್ ಹಾಡಲ್ಲಿ! ಸ್ಕ್ರೀನ್ ತುಂಬ ನೀವೇ!" ಎಂದ. ಬಸವಪ್ರಭುವಿನ ಸ್ಟೋರಿನಲ್ಲಿ ಆ ದಿನ ಲೆಕ್ಕಕ್ಕೆ ಸಿಕ್ಕದಷ್ಟು ನಟ್ಟು ಬೋಲ್ಟುಗಳು ಎಲ್ಲೆಲ್ಲಿಗೋ ಹೋದವು.

ತಕ್ಷಣ ಭಾವ ಶಿವಶಂಕರಪ್ಪನಿಗೆ ಫೋನ್ ಮಾಡಿದ. "ನೀವು ಬರ್ಲೇಬೇಕು ಭಾವನೋರೇ. ಆ ದಿನ ಜನ ಹೆಂಗಿದ್ರು ಅಂತ ಕಣ್ಣಾರೆ ನೋಡಿ." ಮನೆಗೆ ಬಂದು ಹೇಳಿದರೆ ಸಂಗಮ್ಮನ ಮುಖ ಸಪ್ಪಗಾಯಿತು.

"ಅಣ್ಣನ್ನ ಯಾಕೆ ಕರೆದ್ರಿ? ನನಗೂ ಬೇಡ, ನೀವೊಬ್ರೇ ಹೋಗ್ಬನ್ನಿ."

"ಹೆದರ್ಕೋಬೇಡ ಕಣೇ. ಇದು ಟಾಕೀಸು, ಕೂತ್ಕೊಂಡು ನೋಡೋದು. ಯಾರೂ ತಳ್ಳಲ್ಲ."

"ಹೆದ್ರಿಕೆಗಲ್ಲ," ಎಂದಳು ಸಂಗಮ್ಮ. ಮತ್ತೇಕೆ ಎಂದು ಅವನು ಕೇಳಲಿಲ್ಲ; ಕೇಳುವಷ್ಟು ವ್ಯವಧಾನ ಅವನಿಗೆಲ್ಲಿತ್ತು!

ಮೊದಲ ದಿನ, ಮೊದಲ ಆಟ. ಶಿವಾಜಿನಗರದ ಬಸ್ ನಿಲ್ದಾಣದಿಂದ ಗಯಾಜನ ಹುಡುಗರು ಸಿನಿಮಾದ ಖಾಲಿ ಡಬ್ಬವನ್ನೇ ಹೂವಿನಲ್ಲಿ ಮುಚ್ಚಿ, ಬ್ಯಾಂಡು ಬಾರಿಸುತ್ತ ಮೆರವಣಿಗೆಯಲ್ಲಿ ತಂದರು. ಬಟ್ಟೆ ಅಂಗಡಿಯ ಗಯಾಜ್ ಸಂಘದ ಬಲಗೈ. ಡಬ್ಬಕ್ಕೆ ಬಸವಪ್ರಭು ಕರ್ಪೂರದ ಆರತಿ ಎತ್ತಿ ಬೂದುಗುಂಬಳ ಒಡೆದ. ಶಿವಶಂಕರಪ್ಪ ಒಂದು ಪಕ್ಕಕ್ಕೆ ನಿಂತು, ಇದೇನು ಮದುವೆಯೋ ತೇರೋ ಎಂದು ನೋಡುತ್ತಿದ್ದ. ಸಂಗಮ್ಮ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

ಒಳಗೆ ಯಾರೂ ಸೀಟಿನಲ್ಲಿ ಕೂರಲಿಲ್ಲ. ಉದಯಚಂದ್ರ ತೆರೆಯ ಮೇಲೆ ಕೈ ಬೀಸಿದರೆ ಇವರೂ ಬೀಸಿದರು, "ಚೆನ್ನಾಗಿದೀರಾ?" ಎಂದು ಅವನು ಕೇಳಿದರೆ "ಇದೀವಿ!" ಎಂದು ಕಿರುಚಿದರು. ಹರಿದ ಪೇಪರು ಮಳೆಯಾಗಿ ಸುರಿಯಿತು. ಪಡ್ಡೆಗಳು ಪರದೆಯ ಕೆಳಗೇ ಹೋಗಿ ಕುಣಿದರು. ಕೊನೆಯ ಹಾಡು ಬಂತು. ಮೈದಾನದ ಜನ ಕಂಡರು, ಜನರ ನಡುವೆ ಬಸವಪ್ರಭು ಕಂಡ, ಎಡಗೈ ಎತ್ತಿ ಕುಣಿಯುತ್ತಿದ್ದ. "ಪ್ರಭಣ್ಣಾ!" ಎಂದು ಇಡೀ ಟಾಕೀಸು ಒಮ್ಮೆಲೇ ಕೂಗಿತು. ಮುಂದಿನವರೆಲ್ಲ ಸೀಟು ಹತ್ತಿ ನಿಂತದ್ದರಿಂದ ಸಂಗಮ್ಮನಿಗೆ, ಶಿವಶಂಕರಪ್ಪನಿಗೆ ಬರೀ ಬೆನ್ನುಗಳು ಕಂಡವು. ಅಪ್ಪಿಕೊಳ್ಳಲು ಬಂದವರ ತೋಳಿನಲ್ಲಿ ಸಿಕ್ಕಿ ಬಸವಪ್ರಭುವೂ ಪೂರ್ತಿ ನೋಡಲಿಲ್ಲ.

"ಅಯ್ಯೋ, ಭಾವನೋರು ನೋಡ್ಲೇ ಇಲ್ಲ!" ಎಂದು ಅವನು ಸೀಟಿನ ಮೇಲೆ ಹತ್ತಿ, ಆಪರೇಟರ್ ಕ್ಯಾಬಿನ್ನಿನತ್ತ ತಿರುಗಿ ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. "ಒನ್ಸ್ ಮೋರ್!"

ಸಂಗಮ್ಮ ಅವನ ಅಂಗಿ ಹಿಡಿದು ಎಳೆದಳು. "ಬೇಡ ರೀ. ಸಾಕು, ಹೋಗೋಣ ನಡೀರಿ."

ಯಾರು ಕೇಳುತ್ತಾರೆ? "ಒನ್ಸ್ ಮೋರ್, ಒನ್ಸ್ ಮೋರ್" ಎಂದು ಬಾಲ್ಕನಿಯೂ ಸೇರಿಕೊಂಡಿತು. ಹಾಡು ಇಷ್ಟವಾದರೆ ಮತ್ತೆ ಹಾಕಿಸುವುದು ಆ ಟಾಕೀಸಿನ ಪದ್ಧತಿ. ಲತೀಫ್ ಆಟ ನಿಲ್ಲಿಸಿ ರೀಲು ಹಿಂದಕ್ಕೆ ಸುತ್ತಿದ. ಈ ಬಾರಿ ಬಸವಪ್ರಭು ಕಾರ್ಯದರ್ಶಿಯ ಗತ್ತಿನಲ್ಲಿ ಎರಡೂ ಕೈ ಎತ್ತಿ ಹೇಳಿದ. "ಎಲ್ಲ ಕೂತ್ಕೊಳ್ರಪ್ಪಾ! ಫ್ಯಾಮಿಲಿ ಬಂದಿದೆ. ಗಲಾಟೆ ಮಾಡ್ದೆ ನೋಡಿ." ಅವನ ಮಾತಿಗೆ ಟಾಕೀಸು ಕೂತಿತು. ಫ್ಯಾನಿನ ಸದ್ದು ಕೇಳುವಷ್ಟು ನಿಶ್ಶಬ್ದ.

ತೆರೆಯ ಮೇಲೆ ಅವನು ಕುಣಿದ. ಎಡಗೈ ಮೇಲಿತ್ತು. ಬಲಗೈಯಲ್ಲಿ ಹೆಂಡತಿಯ ಕೈ ಇತ್ತು. ಟವೆಲ್ ಹಾರಿ ಬಂತು. ಹಿಂದಿನಿಂದ ಯಾರೂ ನುಗ್ಗಲಿಲ್ಲ. ಬಸವಪ್ರಭು ತನ್ನ ಕೈ ಎಳೆದುಕೊಂಡ, ಅವಳು ಬಿಡಲಿಲ್ಲ. ಆಗ ಅವನು ಎಡಗೈ ಇಳಿಸಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ಕೊಡವಿದ, ಓಡಿದ. ಅವಳು ತತ್ತರಿಸಿ ಚಾಚಿದ ಕೈಯಲ್ಲಿ ಹಸಿರು ಬಳೆಗಳು ಲೈಟಿಗೆ ಹೊಳೆದವು. ಒಂದೂ ಒಡೆದಿರಲಿಲ್ಲ. ಅವಳು ಬೀಳುವುದು ಕಾಣುವ ಮೊದಲೇ ಕ್ಯಾಮೆರಾ ಉದಯಚಂದ್ರನ ನಗುವಿನತ್ತ ತಿರುಗಿತು.

ಬಸವಪ್ರಭು ಎದೆಯಲ್ಲಿ ಎಲ್ಲೋ ಹೂತಿಟ್ಟಿದ್ದು ಈಗ ಗೋಡೆಯಷ್ಟು ದೊಡ್ಡದಾಗಿ ಎದ್ದು ನಿಂತಿತ್ತು. ಪಕ್ಕಕ್ಕೆ ನೋಡುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಗಯಾಜ್ ಎದ್ದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನೋಡ್ದ್ರೇನ್ರೋ? ಹೆಂಡ್ತಿ ಕೈನೇ ಬಿಡಿಸ್ಕೊಂಡು ಓಡ್ದ ಗುರು! ಅಭಿಮಾನ ಅಂದ್ರೆ ಇದು! ಪ್ರಭಣ್ಣಂಗೆ..."

"ಜೈ!" ಎಂದಿತು ಟಾಕೀಸು. "ಒನ್ಸ್ ಮೋರ್!"

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಬಸವಪ್ರಭು ಸಾಲು ತುಳಿದುಕೊಂಡು ಮೆಟ್ಟಿಲೇರಿ ಕ್ಯಾಬಿನ್ನಿಗೆ ಓಡಿದ. "ನಿಲ್ಸೋ ಲತೀಫಾ. ಕಾಲಿಗೆ ಬೀಳ್ತೀನಿ, ಹಾಕ್ಬೇಡ."

"ಹಾಕ್ದಿದ್ರೆ ಸೀಟು ಹರೀತಾರಲ್ಲ ಪ್ರಭಣ್ಣ," ಎಂದ ಲತೀಫ್, ರೀಲಿನಿಂದ ಕಣ್ಣು ತೆಗೆಯದೆ. "ಹೋದ್ಸಲ ನೀವೇ ತಾನೆ ಹರಿಸಿದ್ದು?"

ಮೆಷಿನ್ನು ಓಡಿತು. ಕ್ಯಾಬಿನ್ನಿನ ಕಿಂಡಿಯಿಂದ ಬಸವಪ್ರಭು ಮೂರನೇ ಸಲ ನೋಡಿದ. ಆದರೆ ತೆರೆಯನ್ನಲ್ಲ. ಎದ್ದು ಕುಣಿಯುತ್ತಿದ್ದ ತಲೆಗಳ ನಡುವೆ ಎರಡು ತಲೆ ಮಾತ್ರ ಕೂತೇ ಇದ್ದವು. ಶಿವಶಂಕರಪ್ಪ ತೆರೆಯನ್ನು ಬಿಟ್ಟು ತಂಗಿಯ ಕೈಯನ್ನೇ ನೋಡುತ್ತಿದ್ದ. ಅವಳು ಆ ಕೈಯನ್ನು ಎಡಗೈಯಿಂದ ಮುಚ್ಚಿಕೊಂಡಿದ್ದಳು.

ಆಟ ಬಿಟ್ಟಾಗ ಮೆಟ್ಟಿಲ ಬಳಿ ಹುಡುಗರು ಕಾಯುತ್ತಿದ್ದರು. ಇಳಿದವನನ್ನು ಹಾಗೇ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. "ಇಳಿಸ್ರೋ! ಬಿಡ್ರೋ ನನ್ನ!" ಎಂದು ಅವನು ಕೂಗಿದ್ದು ಬ್ಯಾಂಡಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದವರು ವಿನಯ ಅಂದುಕೊಂಡರು. ಹೆಗಲ ಮೇಲಿನಿಂದ ಅವನಿಗೆ ಎಲ್ಲವೂ ಕಾಣುತ್ತಿತ್ತು. ಬಾಗಿಲ ನೂಕುನುಗ್ಗಲಿನಲ್ಲಿ ಸಂಗಮ್ಮ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಶಿವಶಂಕರಪ್ಪ ಅವಳ ಮುಂದೆ ಎರಡೂ ತೋಳು ಅಗಲಿಸಿ, ಜನರಿಗೆ ಬೆನ್ನು ಕೊಟ್ಟು ನಿಂತಿದ್ದ. ಆ ದಿನ ತಾನು ನಿಲ್ಲಬೇಕಾಗಿದ್ದ ಜಾಗ ಅದು ಎಂದು ಬಸವಪ್ರಭುವಿಗೆ ಅನ್ನಿಸಿತು. ಮುಖ ಮುಚ್ಚಿಕೊಂಡ. ಹುಡುಗರು ಆನಂದಬಾಷ್ಪವೆಂದು ಇನ್ನೂ ಜೋರಾಗಿ ಕುಣಿದರು.

ಅವರ ಕೈಯಿಂದ ತಪ್ಪಿಸಿಕೊಂಡು ಬಸ್ ಸ್ಟಾಪಿಗೆ ಬಂದಾಗ ಅಣ್ಣ ತಂಗಿ ಬೆಂಚಿನ ಮೇಲೆ ಕೂತಿದ್ದರು. ಶಿವಶಂಕರಪ್ಪ ಎದ್ದ. ಹೊಡೆದರೂ ಹೊಡೆಯಲಿ ಎಂದು ಬಸವಪ್ರಭು ತಲೆ ತಗ್ಗಿಸಿದ. ಅವನು ಹೊಡೆಯಲಿಲ್ಲ. "ಬೆನ್ನು ತಟ್ಟಿ ಹೋಗಿದ್ನಲ್ರೀ ನಾನು," ಎಂದಷ್ಟೇ ಅಂದು, ಊರಿನ ಬಸ್ಸಿಗೆ ಮೆಜೆಸ್ಟಿಕ್ಕಿನ ದಾರಿ ಹಿಡಿದ. ಮನೆಗೆ ಬಂದು ಊಟ ಮಾಡಿ ಹೋಗಿ ಎನ್ನಲು ಬಸವಪ್ರಭುವಿಗೆ ಬಾಯಿ ಬರಲಿಲ್ಲ.

"ಸಂಗಮ್ಮಾ, ನನಗೆ ನಿಜ್ವಾಗ್ಲೂ ಹಂಗೆ ಆಗಿದ್ದು ಅಂತ ಗೊತ್ತಿರ್ಲಿಲ್ಲ ಕಣೇ," ಎಂದ.

"ನನಗೆ ಗೊತ್ತಿತ್ತು. ನನ್ನ ಬೆರಳಲ್ವಾ?"

"ಮತ್ತೆ ಬಳೆ ಒಡೀತು ಅಂತ..."

"ಅಣ್ಣನ ಕಣ್ಣಲ್ಲಿ ನೀವು ಸಣ್ಣೋರಾಗ್ಬಾರ್ದು ಅಂತ ಹೇಳ್ದೆ. ನಾನೊಬ್ಳೇ ನುಂಗ್ಕೊಂಡಿದ್ದೆ. ಇವತ್ತು ನೀವೇ ಎಲ್ಲರ್ನೂ ಕೂರಿಸಿ ತೋರಿಸ್ದ್ರಲ್ಲ ರೀ." ಅವಳ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಜಾಸ್ತಿ ಇತ್ತು.

ಮನೆ ಕಡೆಯ ಬಸ್ಸು ರಸ್ತೆಯ ಆಚೆ ಬದಿಯಲ್ಲಿ ಬರುತ್ತಿತ್ತು. ದಾಟಬೇಕು, ಲಾರಿ, ಆಟೋ ಎಡೆಬಿಡದೆ ಹರಿಯುತ್ತಿದ್ದವು. ಬಸವಪ್ರಭು ತಡವರಿಸುತ್ತ ಕೈ ಚಾಚಿದ. ಸಂಗಮ್ಮ ಆ ಕೈಯನ್ನು ಒಂದು ಗಳಿಗೆ ನೋಡಿ, ಎಡಗೈಯಲ್ಲಿದ್ದ ಬ್ಯಾಗನ್ನು ಅವನ ಕಡೆಗಿದ್ದ ಬಲಗೈಗೆ ಬದಲಾಯಿಸಿಕೊಂಡಳು.

"ನೀವು ಮುಂದೆ ನಡೀರಿ," ಎಂದಳು. "ನಾನು ಹಿಂದೆ ಬರ್ತೀನಿ."

ಸಿನಿಮಾ ಆ ಬೇಸಿಗೆಯೆಲ್ಲ ಓಡಿತು. ಕಂಪನಿಯವರು ನೋಡಿದರು, ಓಣಿಯವರು ನೋಡಿದರು, ದಾರಿಯಲ್ಲಿ ಸಿಕ್ಕಿದವರು ಕೈ ಕುಲುಕಿದರು. ಬಸವಪ್ರಭು ಸಂಘ ಬಿಟ್ಟ. ಶೋಕೇಸಿನ ಟವೆಲನ್ನು ತಾನೇ ತೆಗೆದು ಒಲೆಯ ಪಕ್ಕ ಇಟ್ಟ. ಬಿಸಿ ಪಾತ್ರೆ ಇಳಿಸಲು ಸಂಗಮ್ಮ ಅದನ್ನು ಬಳಸಿದಳು. ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಅವಳು ಎಂದಿನಂತೆ ಬಡಿಸಿದಳು, ಅವನು ಎಂದಿನಂತೆ ಉಂಡ.

ಈಗ ಫ್ಲೈಓವರ್ ಬಂದು ದೊಮ್ಮಲೂರೇ ಗುರುತು ಸಿಗದಂತಾಗಿದೆ. ಆದರೂ ಸಂಜೆ ತರಕಾರಿಗೆ ಹೊರಟ ಗಂಡಹೆಂಡಿರನ್ನು ಆ ಕಡೆಯವರು ದೂರದಿಂದಲೇ ಗುರುತಿಸುತ್ತಾರೆ. ಗಂಡ ಮುಂದೆ, ಹೆಂಡತಿ ನಾಲ್ಕು ಹೆಜ್ಜೆ ಹಿಂದೆ. ಹಳೇ ಕಾಲದ ಗಂಡಸು ನೋಡು, ಹೆಂಡತಿಯನ್ನು ಹಿಂದೆ ಬಿಟ್ಟು ನಡೀತಾನೆ ಎಂದು ಕಾಲೇಜು ಹುಡುಗಿಯರು ನಗುತ್ತಾರೆ. ಅವನು ಕಂಬಕ್ಕೊಮ್ಮೆ ನಿಂತು, ತಿರುಗಿ ನೋಡಿ, ಅವಳು ಬರುತ್ತಿದ್ದಾಳೆಂದು ಖಾತ್ರಿಯಾದ ಮೇಲೆಯೇ ಮುಂದಿನ ಹೆಜ್ಜೆ ಇಡುತ್ತಾನೆ.