ಕರಿಯನ ರಕ್ತಕ್ಕೆ ಎರಡು ಅಳತೆ

ನಿನ್ನೆ ಬರೆಯುತ್ತಿದ್ದ ಕೆಂಪು ಪೆನ್ನು ನಡುವೆಯೇ ಕೈಕೊಟ್ಟಿತು. ಬಿಚ್ಚಿ, ರೀಫಿಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ಮಸಿ ಇನ್ನೆಷ್ಟಿದೆ ಎಂದು ನೋಡಿದೆ. ಎಲ್ಲರೂ ಮಾಡುವ ಕೆಲಸವೇ. ಆದರೆ ಆ ತೆಳ್ಳನೆಯ ಕೆಂಪು ಗೆರೆ ಕಣ್ಣಿಗೆ ಬಿದ್ದದ್ದೇ ಪೆನ್ನು ಮರೆತುಹೋಯಿತು, ಹೊಸೂರಿನ ಪಕ್ಕದ ಮತ್ತಿಗಿರಿಯ ನಾಯಿ ಆಸ್ಪತ್ರೆಯೊಂದರ ಮೇಜು ನೆನಪಾಯಿತು. ಅಷ್ಟರಲ್ಲಿ ಹೆಂಡತಿ ಬಂದು, ಖಾಲಿ ರೀಫಿಲ್ಲಿಗೂ ಸ್ಕೇಲು ಹಿಡಿಯಲು ಹೊರಟಿರಾ ಎಂದು ಕೇಳಿ ಹೋದಳು.

ಅವಳು ಹಾಗೆ ಕೇಳುವುದಕ್ಕೆ ಕಾರಣವಿದೆ. ನನ್ನ ಹೊಟ್ಟೆಪಾಡೇ ಅಳತೆ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳಿಗೆ ಗೇಜು ಹಿಡಿದು, ಇದು ಪಾಸು, ಇದು ರಿಜೆಕ್ಟು ಎಂದು ಬೇರೆ ಮಾಡುವವನು ನಾನು. ಹೆಣ್ಣು ನೋಡಲು ಹೋದ ದಿನವೂ ಹುಡುಗಿಯನ್ನು ನೋಡುವ ಮೊದಲು ಅವರ ಮನೆಯ ಬಾಗಿಲ ಚೌಕಟ್ಟು ಎಡಕ್ಕೆ ವಾಲಿದೆ ಎಂದು ಮಾವನವರಿಗೆ ತಿಳಿಸಿದೆನಂತೆ. ಚೌಕಟ್ಟು ವಾಲಿದ್ದು ನಿಜ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನನ್ನಂಥವರಿಗಾಗಿಯೇ ಹುಟ್ಟಿರಬೇಕು.

ನನ್ನ ಅಕ್ಕ ಇದಕ್ಕೆ ಪೂರ್ತಿ ತದ್ವಿರುದ್ಧ. ತಳಿ ಎಂಬ ಊರಿನ ಕಡೆಯ ಹಳ್ಳಿಯಲ್ಲಿ ಗುಲಾಬಿ, ರಾಗಿ, ಒಂದಿಷ್ಟು ಕೋಸು ಬೆಳೆಯುತ್ತಾಳೆ. ಅವಳದ್ದೆಲ್ಲ ಕಣ್ಣಳತೆ, ಕೈಯಳತೆ. ಅವಳ ನಾಯಿಯ ಹೆಸರು ಕರಿಯ, ಬಣ್ಣ ಮಾತ್ರ ಕಂದು. ಮರಿಯಾಗಿದ್ದಾಗ ಕೆಸರು ಮೆತ್ತಿಕೊಂಡು ಸಿಕ್ಕಿತ್ತು, ಹೆಸರಿಟ್ಟ ಮೇಲೆ ಸ್ನಾನ ಮಾಡಿಸಿದರು. ಒಂದು ಮುಂಜಾನೆ ಹೂ ಬಿಡಿಸಲು ಹೊರಟ ಅಕ್ಕನಿಗೂ ರಾಗಿ ಹೊಲಕ್ಕೆ ನುಗ್ಗಿದ್ದ ಒಂಟಿ ಸಲಗಕ್ಕೂ ನಡುವೆ ಇದೇ ಕರಿಯ ಅಡ್ಡ ನಿಂತು, ಅವಳು ಓಡಿ ಮನೆ ಸೇರುವ ತನಕ ಜಾಗ ಬಿಟ್ಟು ಕದಲದೆ ಬೊಗಳಿತ್ತು. ಅಂದಿನಿಂದ ಅಕ್ಕನ ಬಾಯಲ್ಲಿ ಅದು ನಾಯಿಯಲ್ಲ, ‘ಇವ್ನು’.

ಆ ಕರಿಯ ಒಂದು ದಿನ ಅನ್ನ ಮೂಸಿ ನೋಡಿ ಮಲಗಿಬಿಟ್ಟಿತು. ಅಕ್ಕ ಅದರ ತುಟಿ ಎತ್ತಿ ನೋಡಿ ನನಗೆ ಫೋನು ಮಾಡಿದಳು. “ಇವ್ನ ಒಸಡೆಲ್ಲ ಸುಣ್ಣ ಬಳ್ದಂಗಾಗೈತೆ ಕಣ್ಲಾ. ಕರ್ಕೊಂಡು ಬತ್ತಾ ಇದೀನಿ.” ಯಾರದೋ ಜೀಪಿನಲ್ಲಿ, ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದಿಳಿದಳು. ನಮ್ಮ ಮನೆಯ ಹತ್ತಿರದ ಆ ಮತ್ತಿಗಿರಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು.

ಡಾಕ್ಟರಮ್ಮ ಕೃಷ್ಣಗಿರಿ ಕಡೆಯವರು, ಚಿಕ್ಕ ವಯಸ್ಸು. ಕಾಂಪೌಂಡರ್ ಜೊತೆ ತಮಿಳು, ನಮ್ಮ ಜೊತೆ ಕನ್ನಡ, ನಾಯಿಯ ಜೊತೆ ಮಾತ್ರ ಅಪ್ಪಟ ತೆಲುಗು. ಕರಿಯನ ಮುಂಗಾಲಿನಿಂದ ರಕ್ತ ತೆಗೆದು ಎರಡು ಪಾಲು ಮಾಡಿದರು. ಒಂದು ಪಾಲನ್ನು ಮೆಷಿನ್ ಹೀರಿಕೊಂಡಿತು. ಅದರೊಳಗೆ ಸೂಜಿಮೊನೆಗಿಂತ ಸಣ್ಣ ತೂತು ಇದೆಯಂತೆ. ರಕ್ತದ ಕೆಂಪು ಕಣಗಳು ಆ ತೂತಿನಲ್ಲಿ ಒಂದೊಂದಾಗಿ ಹಾಯುವಾಗ ಅದು ಎಣಿಸಿ, ಗಾತ್ರ ನೋಡಿ, ಗುಣಿಸಿ, ರಕ್ತದಲ್ಲಿ ಕೆಂಪು ಕಣ ನೂರಕ್ಕೆ ಇಷ್ಟು ಎಂದು ಹೇಳುತ್ತದೆ. ಇನ್ನೊಂದು ಪಾಲನ್ನು ಕಡ್ಡಿಯಂಥ ಗಾಜಿನ ಟ್ಯೂಬಿಗೆ ಏರಿಸಿ, ಒಂದು ತುದಿಗೆ ಜೇಡಿ ಮೆತ್ತಿ, ಗಿರಗಿರ ತಿರುಗುವ ಯಂತ್ರದಲ್ಲಿಟ್ಟರು. ತಿರುಗಿದ ರಭಸಕ್ಕೆ ಕೆಂಪು ಕಣಗಳು ತಳಕ್ಕೆ ಕೂರುತ್ತವೆ, ನೀರು ಮೇಲೆ ನಿಲ್ಲುತ್ತದೆ. ಆಮೇಲೆ ಇಡೀ ಉದ್ದದಲ್ಲಿ ಕೆಂಪು ನೂರಕ್ಕೆ ಎಷ್ಟು ಎಂದು ಅಳತೆಯ ಕಾರ್ಡಿನ ಮೇಲಿಟ್ಟು ಓದುವುದು. ನನಗಂತೂ ನನ್ನದೇ ಕಸುಬಿನ ಮನೆಗೆ ಬಂದಂತಾಯಿತು.

ಮೆಷಿನ್ ಮೊದಲು ಮಾತಾಡಿತು. ಒಂಬತ್ತು ಎಂದಿತು. ಚೆನ್ನಾಗಿರುವ ನಾಯಿಗೆ ನಲವತ್ತರ ಆಸುಪಾಸು ಇರಬೇಕು. ಈಗಲೇ ಬೇರೆ ನಾಯಿಯ ರಕ್ತ ಕೊಡದಿದ್ದರೆ ಉಳಿಯುವುದಿಲ್ಲ, ಕೊಟ್ಟರೂ ಭರವಸೆ ಕಡಿಮೆ ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ಅಕ್ಕ ಅಳಲಿಲ್ಲ. ಕರಿಯನ ಕಿವಿ ಸವರಿದಳು.

“ಇಲ್ಲಿ ಬ್ಯಾಡ,” ಅಂದಳು. “ಇನ್ನೂ ಚುಚ್ಚೋದು ಬ್ಯಾಡ. ತೋಟಕ್ಕೇ ಕರ್ಕೊಂಡೋಗ್ಬುಡ್ತೀನಿ. ಹೋದ್ರೆ ಅಲ್ಲೇ ಹೋಗ್ಲಿ.”

ಅವಳು ನಾಯಿಗೆ ಟವೆಲು ಸುತ್ತುತ್ತಿರುವಾಗ ತಿರುಗುವ ಯಂತ್ರ ನಿಂತಿತು. ಡಾಕ್ಟರಮ್ಮ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು, ಕಾರ್ಡಿನ ಮೇಲಿಟ್ಟು ನೋಡಿದರು, ಇನ್ನೊಮ್ಮೆ ನೋಡಿದರು. ನಾನೂ ತಲೆ ತೂರಿಸಿದೆ. ತಳದಲ್ಲಿ ಕಿರುಬೆರಳ ಉಗುರಿನಷ್ಟುದ್ದ ಕೆಂಪು, ಅದರ ಮೇಲೆ ಅರಿಶಿನದ ಬಣ್ಣದ ನೀರು. ಲೆಕ್ಕ ಹದಿನೇಳು. ಒಂದೇ ನಾಯಿ, ಒಂದೇ ರಕ್ತ, ಒಂದು ಅಳತೆ ಒಂಬತ್ತು, ಇನ್ನೊಂದು ಸುಮಾರು ಅದರ ಎರಡರಷ್ಟು.

ಆಗ ನನ್ನೊಳಗಿನ ಗೇಜು ಎದ್ದು ಕೂತಿತು. ನಮ್ಮಲ್ಲಿ ಎರಡು ಗೇಜು ಜಗಳವಾಡಿದರೆ ಒಂದು ಸುಳ್ಳಾಡುತ್ತಿದೆ ಎಂದೇ ಅರ್ಥ. ಅಳತೆ ಗೊತ್ತಿರುವ ಮಾಸ್ಟರ್ ಪೀಸನ್ನು ಎರಡಕ್ಕೂ ಕೊಟ್ಟು ಕಳ್ಳನನ್ನು ಹಿಡಿಯುತ್ತೇವೆ ಎಂದು ಉಪದೇಶ ಮಾಡಿದೆ. ಡಾಕ್ಟರಮ್ಮ ನಗಲಿಲ್ಲ. ಸರಿ ಸಾರ್, ಚೆನ್ನಾಗಿರೋ ನಾಯಿ ಇದ್ದರೆ ಕರೆಸಿ ಎಂದರು. ಹೆಂಡತಿ ನಮ್ಮ ಮನೆಯ ನಾಯಿ ಪುಟ್ಟಿಯನ್ನು ಆಟೋದಲ್ಲಿ ತಂದಳು. ಬಿಸ್ಕತ್ತು ತಿಂದು ದಿಂಬಿನಂತೆ ಉಬ್ಬಿದ್ದ ಪುಟ್ಟಿ ಜೀವನದಲ್ಲಿ ಮೊದಲ ಸಲ ಒಂದು ಕೆಲಸಕ್ಕೆ ಬಂತು. ಅದರ ರಕ್ತಕ್ಕೆ ಮೆಷಿನ್ ನಲವತ್ನಾಲ್ಕು ಎಂದಿತು. ಟ್ಯೂಬು ನಲವತ್ತೈದು ಎಂದಿತು.

ಇಬ್ಬರೂ ಸತ್ಯವಂತರೇ.

“ಮೆಷಿನ್ ತಪ್ಪಿಲ್ಲ ಸಾರ್, ಟ್ಯೂಬೂ ತಪ್ಪಿಲ್ಲ,” ಎಂದರು ಡಾಕ್ಟರಮ್ಮ. “ಎರಡೂ ಬೇರೆ ಬೇರೆ ಹೇಳ್ತಾ ಇದಾವಲ್ಲ, ಕಾಯಿಲೆ ಅದೇ.”

ಒಂದು ಗಾಜಿನ ಪಟ್ಟಿಯ ಮೇಲೆ ಕರಿಯನ ರಕ್ತದ ಹನಿಗೆ ಒಂದಿಷ್ಟು ಸಲೈನು ಬೆರೆಸಿ, ಆಚೆ ಈಚೆ ವಾಲಿಸಿ ನಮಗೆ ತೋರಿಸಿದರು. ಕೆಂಪು ಹರಡಿಕೊಳ್ಳಲಿಲ್ಲ, ಕಾಳುಕಾಳಾಗಿ ನಿಂತಿತು. ಅಂಬಲಿಗೆ ಹಾಕಿದ ಹಿಟ್ಟು ಗಂಟು ಕಟ್ಟಿದ ಹಾಗೈತಲ್ಲ ಎಂದಳು ಅಕ್ಕ. ಅದೇ ಸರಿ. ಉಣ್ಣಿ ಕಚ್ಚಿ ಬಂದ ಜ್ವರದಲ್ಲಿ ಕರಿಯನ ಮೈ ತನ್ನ ರಕ್ತವನ್ನೇ ಹಗೆ ಎಂದು ತಿಳಿದು ಕೊಲ್ಲುತ್ತಿತ್ತು. ಅದಕ್ಕೇ ಕಣಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೆಷಿನ್ ಪಾಪ, ದೊಡ್ಡ ಗಂಟುಗಳನ್ನು ಕಣವೇ ಅಲ್ಲವೆಂದು ಬಿಟ್ಟು, ಸಣ್ಣ ಗಂಟನ್ನು ಒಂದೇ ಕಣ ಎಂದು ಎಣಿಸಿ ಒಂಬತ್ತು ಎಂದಿತ್ತು. ಟ್ಯೂಬು ಎಣಿಸುವ ಗೋಜಿಗೇ ಹೋಗದೆ, ಎಲ್ಲವನ್ನೂ ತಳಕ್ಕೆ ಕೂರಿಸಿ ಇದ್ದಷ್ಟು ತೋರಿಸಿತ್ತು.

ನಾನು ಬೆರಗಾಗಿ ನಿಂತೆ. ಇಷ್ಟು ವರ್ಷ ಎರಡು ಅಳತೆಗಳ ನಡುವಿನ ಅಂತರವನ್ನು ತಪ್ಪು ಎಂದು ಒರೆಸಿ ಹಾಕುವುದೇ ನನ್ನ ಕಸುಬಾಗಿತ್ತು. ಇಲ್ಲಿ ಸತ್ಯ ಆ ಅಂತರದಲ್ಲೇ ಕೂತಿತ್ತು. ಕಬ್ಬಿಣ ಇಟ್ಟಲ್ಲಿ ಇಟ್ಟಂತೆ ಇರುತ್ತದೆ. ಇದು ಜೀವ, ನಾವು ಅಳೆಯುತ್ತಿರುವಾಗಲೂ ತನ್ನೊಳಗೆ ತಾನೇ ಹೋರಾಡುತ್ತಿತ್ತು.

ಹದಿನೇಳು ಇದ್ದರೆ ಸ್ವಲ್ಪ ಸಮಯವಿದೆ, ಮೈಯ ಆ ಸಿಟ್ಟನ್ನು ಇಳಿಸುವ ಔಷಧಿ ಕೊಟ್ಟು ನೋಡೋಣ ಎಂದರು ಡಾಕ್ಟರಮ್ಮ. ಅಕ್ಕ ಟವೆಲು ಬಿಚ್ಚಿದಳು. ಕರಿಯನ ಜೊತೆ ನಮ್ಮ ಮನೆಯಲ್ಲೇ ಉಳಿದಳು. ಮಾತ್ರೆಯನ್ನು ಮುದ್ದೆಯಲ್ಲಿ ಅಡಗಿಸಿ ನುಂಗಿಸಿದಳು. ಪ್ರತಿ ಸಲ ಆಸ್ಪತ್ರೆಗೆ ಹೋದಾಗಲೂ ಎರಡೂ ಅಳತೆ ಮಾಡಿಸುತ್ತಿದ್ದೆವು. ಅಂಕಿಯ ಗೊಡವೆ ಅಕ್ಕನಿಗಿರಲಿಲ್ಲ, ಎರಡೂ ರಾಜಿ ಆದವಾ ಎಂದಷ್ಟೇ ಕೇಳುತ್ತಿದ್ದಳು. ಇಲ್ಲ ಅಕ್ಕ, ಹತ್ತಿರ ಬರ್ತಾ ಇವೆ ಎನ್ನುತ್ತಿದ್ದೆ.

ಕೊನೆಗೊಂದು ದಿನ ಮೆಷಿನ್ ಮೂವತ್ತಾರು ಎಂದಿತು, ಟ್ಯೂಬೂ ಮೂವತ್ತಾರು ಎಂದಿತು. ರಾಜಿ ಆದವು ಅಕ್ಕ ಎಂದೆ. ಅವಳು ಡಾಕ್ಟರಮ್ಮನ ಕೈಯಿಂದ ಆ ಟ್ಯೂಬನ್ನು ಕೇಳಿ ತೆಗೆದುಕೊಂಡು ಕಿಟಕಿಗೆ ಹಿಡಿದಳು. ಮೇಲಿನ ನೀರು ತಿಳಿಯಾಗಿತ್ತು. ಕೆಳಗೆ ಕಿರುಬೆರಳ ಒಂದು ಗೆಣ್ಣಿನಷ್ಟು ಕೆಂಪು. ಬಹಳ ಹೊತ್ತು ನೋಡಿದಳು. ಅಷ್ಟು ದಿನ ತಡೆದಿದ್ದ ಕಣ್ಣೀರು ಆಗ ಹರಿಯಿತು.

“ಇಷ್ಟ್ರಲ್ಲೇನ್ಲಾ,” ಅಂದಳು, “ಇವ್ನು ಆನೆ ಎದ್ರುಗೆ ನಿಂತಿದ್ದು?”

ಕರಿಯ ಈಗಲೂ ಇದೆ, ಮೂತಿ ನರೆತಿದೆ. ರೀಫಿಲ್ಲು ಕೆದಕಿದ ನೆನಪು ಸುಮ್ಮನೆ ಕೂರಲು ಬಿಡಲಿಲ್ಲ, ಇವತ್ತು ಬೆಳಗ್ಗೆಯೇ ತಳಿಯ ಬಸ್ಸು ಹತ್ತಿದೆ. ಅಕ್ಕನ ಜಗುಲಿಯ ಮೇಲೆ ಕರಿಯನ ಪಕ್ಕದಲ್ಲಿ ಕೂತು ಅದರ ಪಕ್ಕೆಯ ಮೇಲೆ ಕೈಯಿಟ್ಟೆ. ಒಳಗೆ ಎದೆ ಬಡಿದುಕೊಳ್ಳುತ್ತಿತ್ತು. ಎಷ್ಟು ಸಲ ಎಂದು ಎಣಿಸಲು ಹೊರಟವನು ನಡುವೆಯೇ ಬಿಟ್ಟೆ. ಅಕ್ಕ ಒಳಗಿನಿಂದ ಊಟಕ್ಕೆ ಕೂಗಿದಳು. ಬತ್ತೀನಿ ಎಂದೆ, ಕೈ ತೆಗೆಯಲು ಮನಸ್ಸಾಗಲಿಲ್ಲ.