ಮೀನು ಸತ್ತ ದಿನ ಮಾದೇಶ ಆಡಿದ ಮಾತು

ನಂಜನಗೂಡಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮಾದೇಶ ಹನ್ನೆರಡು ವರ್ಷದಿಂದ ಬಣ್ಣದ ಮೀನಿನ ಅಂಗಡಿ ನಡೆಸುತ್ತಿದ್ದಾನೆ. ಗಾಜು ಕತ್ತರಿಸಿ ತೊಟ್ಟಿ ಅಂಟಿಸುವುದರಲ್ಲಿ ಅವನ ಕೈ ಪಳಗಿದೆ. ನೀರಿನ ವಿಷಯ ಮಾತ್ರ ಅವನು ಕಲಿತದ್ದು ಬಾಟಲಿಗಳ ಮೇಲಿನ ಚೀಟಿ ಓದಿ. ಗಿರಾಕಿಗಳು ಏನಾದರೂ ಕೇಳಿದರೆ, ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಕಳೆದ ವರ್ಷ ಸೋಸಲೆ ಹತ್ತಿರದ ಒಂದು ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ ವನಿತಾ, ಮಕ್ಕಳು ನೋಡಲೆಂದು ಗಿಡಗಳಿರುವ ಮೂರಡಿ ತೊಟ್ಟಿ ಮಾಡಿಸಿದರು. ಮಾದೇಶನೇ ಹೋಗಿ ಮರಳು ಹಾಸಿ, ಗಿಡ ನೆಟ್ಟು, ಶಾಲೆಯ ಬೋರ್‌ವೆಲ್ ನೀರು ತುಂಬಿದ. ಮೂರು ವಾರದ ಮೇಲೆ ಗಪ್ಪಿ ಮೀನು ಬಿಟ್ಟ. ಅದನ್ನು ನೋಡಿಕೊಳ್ಳುವ ಕೆಲಸವನ್ನು ಬಿಸಿಯೂಟದ ಅಡುಗೆಯ ಮಾದಮ್ಮ ತಾನೇ ಕೇಳಿ ತೆಗೆದುಕೊಂಡಳು. ಅಕ್ಕಿ ಬೇಯಲಿಟ್ಟು ಬಂದು ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಮೀನು ಮರಿ ಹಾಕಿದ್ದನ್ನು ಮೊದಲು ಕಂಡವಳೂ ಅವಳೇ.

ಒಂದು ದಿನ ವನಿತಾ ಪಾಠಕ್ಕೆಂದು ಪರೀಕ್ಷೆಯ ಹನಿ ಹಾಕಿ ನೀರಿನ ಪಿಎಚ್ ಅಳೆದರು. ಎಂಟಕ್ಕಿಂತ ಮೇಲಿತ್ತು. "ಏಳು ಇರ್ಬೇಕಲ್ವಾ ಮಾದೇಶ್?" ಎಂದು ಫೋನ್ ಮಾಡಿದರು. ಗಪ್ಪಿಗೆ ಕ್ಷಾರ ಹೆಚ್ಚಿರುವ ಗಡಸು ನೀರೇ ಹಿತ. ಮೀನು, ಗಿಡ ಚೆನ್ನಾಗಿದ್ದರೆ ಮುಟ್ಟಬೇಡಿ ಎಂದಿದ್ದರೆ ಸಾಕಿತ್ತು. ಅದರ ಬದಲು ಮಾದೇಶ ಪಿಎಚ್ ಇಳಿಸುವ ಆಮ್ಲದ ಬಾಟಲಿ ಕಳುಹಿಸಿದ. ದಿನಾ ಬೆಳಿಗ್ಗೆ ಒಂದು ಮುಚ್ಚಳ ಹಾಕಿ ಎಂದ.

ಮೂರನೆಯ ದಿನ ಮಾದಮ್ಮ ಫೋನ್ ಮಾಡಿದಳು. "ಸಾ, ಸಾಯಂಕಾಲ ಪಿಎಚ್ ಏಳಕ್ಕೆ ಇಳೀತದೆ, ಬೆಳಿಗ್ಗೆ ನೋಡುದ್ರೆ ಮತ್ತೆ ಏರ್ಕೊಂಡಿರ್ತದೆ. ನಾನು ಸರಿಯಾಗ್ ಆಕ್ತಿದ್ದೀನಾ?"

"ಸರಿಯಾಗೇ ಐತೆ ಕಣಕ್ಕ. ಇನ್ನೊಂದ್ ಮುಚ್ಚಳ ಜಾಸ್ತಿ ಆಕು."

ಒಂಬತ್ತನೆಯ ದಿನ ಬೆಳಿಗ್ಗೆ ಶಾಲೆಯಿಂದ ಕರೆ ಬಂತು. ಮಾದೇಶ ಸ್ಕೂಟರ್ ಹತ್ತಿ ಓಡಿದ. ಮೀನೆಲ್ಲ ಸತ್ತು ತೇಲುತ್ತಿದ್ದವು. ಕೊಳವೆಯಲ್ಲಿ ನೀರು ಹಿಡಿದು ಪರೀಕ್ಷೆಯ ಹನಿ ಹಾಕಿದ. ನೀಲಿಗೆ ತಿರುಗುತ್ತಿದ್ದ ನೀರು ಅವತ್ತು ಹಳದಿಯಾಯಿತು. ಚೀಟಿಯಲ್ಲಿ ಓದಿ ಮರೆತಿದ್ದ ಎಚ್ಚರಿಕೆ ನೆನಪಾಗಿ ಅವನಿಗೆ ಆ ಕ್ಷಣವೇ ಅರ್ಥವಾಯಿತು. ಬೋರ್‌ವೆಲ್ ನೀರಿನಲ್ಲಿದ್ದ ಕ್ಷಾರ ಇಷ್ಟು ದಿನ ಆಮ್ಲವನ್ನು ತಾನು ನುಂಗಿಕೊಂಡು ಪಿಎಚ್ ಅನ್ನು ಹಿಡಿದು ನಿಲ್ಲಿಸಿತ್ತು. ಮುಚ್ಚಳದ ಮೇಲೆ ಮುಚ್ಚಳ ಬಿದ್ದು ಆ ಕ್ಷಾರ ತೀರಿಹೋದಾಗ ನೀರು ಒಮ್ಮೆಲೇ ಹುಳಿಯಾಗಿತ್ತು.

ಸುತ್ತ ಮೇಷ್ಟ್ರುಗಳು ನಿಂತಿದ್ದರು. "ಏನಾಯ್ತು?" ಎಂದು ವನಿತಾ ಕೇಳಿದರು.

"ಯಾರೋ ಸೋಪಿನ ಕೈ ಅದ್ದವ್ರೆ ಮೇಡಂ," ಎಂದುಬಿಟ್ಟ ಮಾದೇಶ.

ತೊಟ್ಟಿಗೆ ಕೈ ಹಾಕುತ್ತಿದ್ದವಳು ಒಬ್ಬಳೇ. ಮಾದಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಅಡುಗೆ ಕೋಣೆಗೆ ಹೋದಳು. ಮಾದೇಶ ನೀರು ಬದಲಿಸಿದ, ಆಮ್ಲದ ಬಾಟಲಿಯನ್ನು ಯಾರಿಗೂ ಕಾಣದಂತೆ ಚೀಲಕ್ಕೆ ಹಾಕಿಕೊಂಡ.

ತಿಂಗಳ ಮೇಲೆ ಹೊಸ ಮೀನು ಬಿಡಲು ಹೋದಾಗ ಮಾದಮ್ಮ ತೊಟ್ಟಿಯಿದ್ದ ಕೋಣೆಯ ಹೊಸಿಲ ಆಚೆಯೇ ನಿಂತಿದ್ದಳು. "ಒಳಕ್ಕೇ ಬರಲ್ಲ ಅವಳು," ಎಂದರು ವನಿತಾ. "ಮೇಷ್ಟ್ರೊಬ್ಬರು ತಮಾಷೆಗೆ, ಸಾಂಬಾರಿಗೂ ಸೋಪು ಬಿದ್ದಿದೆಯಾ ಅಂದ್ರಂತೆ. ಅವತ್ತಿಂದ ತರಕಾರಿ ಹೆಚ್ಚೋಕೆ ಮುಂಚೆ ಮೂರು ಮೂರು ಸಲ ಕೈ ತೊಳೀತಾಳೆ."

ಮಾದೇಶ ಮೀನು ಬಿಟ್ಟು ಮುಗಿಸಿದ. ಬಾಯಿ ಬಿಡದೆ ಊರಿನ ದಾರಿ ಹಿಡಿದು ನರಸೀಪುರದ ಸೇತುವೆಯವರೆಗೆ ಬಂದ. ಅಲ್ಲಿ ಸ್ಕೂಟರ್ ನಿಲ್ಲಿಸಿದ. ಸರಿಯಾಗಿ ಹಾಕುತ್ತಿದ್ದೇನಾ ಎಂದು ಅವಳು ಫೋನ್ ಮಾಡಿ ಕೇಳಿದ್ದಳು. ತಾನು ಒಂದು ಕ್ಷಣವೂ ಯೋಚಿಸದೆ ಉತ್ತರ ಕೊಟ್ಟಿದ್ದ. ಕೊನೆಗೆ ಸ್ಕೂಟರ್ ತಿರುಗಿಸಿದ.

ಮಾದಮ್ಮ ಪಾತ್ರೆ ಉಜ್ಜುತ್ತಿದ್ದಳು. "ಅಕ್ಕ, ಮೀನು ಸತ್ತಿದ್ದು ನಿನ್ ಕೈಯಿಂದಲ್ಲ. ನಾನ್ ಕೊಟ್ಟ ಔಷ್ದಿಯಿಂದ. ಅವತ್ತೇ ಗೊತ್ತಾಗಿತ್ತು. ಸುಳ್ಳೇಳ್ಬುಟ್ಟೆ."

ಅವಳು ತಲೆ ಎತ್ತಿ ಅವನನ್ನೇ ನೋಡಿದಳು. "ಅವತ್ತು ಎಲ್ರ ಮುಂದೆ ಏಳುದ್ರಿ. ಇವತ್ತು ಪಾತ್ರೆ ಮುಂದೆ ಏಳ್ತಿದ್ದೀರಾ ಸಾ?"

ಮರುದಿನ ಮಧ್ಯಾಹ್ನ ಮಕ್ಕಳೂ ಮೇಷ್ಟ್ರುಗಳೂ ಊಟಕ್ಕೆ ಕುಳಿತಿದ್ದಾಗ ಮಾದೇಶ ಎದುರು ನಿಂತು ಹೇಳಿದ. ಮೀನು ಸತ್ತದ್ದು ತನ್ನ ಔಷಧಿಯಿಂದ, ಸೋಪಿನ ಮಾತು ಸುಳ್ಳು ಎಂದ. ತಮಾಷೆ ಮಾಡಿದ್ದ ಮೇಷ್ಟ್ರು ತಟ್ಟೆಯಿಂದ ಮುಖ ಎತ್ತಲಿಲ್ಲ. ಮಾದಮ್ಮ ಸೌಟು ಹಿಡಿದು ಬಡಿಸುತ್ತಲೇ ಇದ್ದಳು. ಕ್ಷಮಿಸಿದೆ ಎಂದು ಅವಳು ಅವತ್ತೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ.

ಎರಡು ವಾರವಾದ ಮೇಲೆ ಅವಳೇ ತೊಟ್ಟಿಯ ಕೋಣೆಗೆ ಹೋದಳಂತೆ. ಕ್ಷಾರ ಎಷ್ಟಿದೆ ಎಂದು ಹನಿ ಎಣಿಸಿ ತಿಳಿಯುವುದನ್ನು ಮಾದೇಶ ಅವಳಿಗೆ ಕಲಿಸಿಕೊಟ್ಟ. ಈಗ ಅವಳು ವಾರಕ್ಕೆರಡು ಬಕೆಟ್ ನೀರು ಬದಲಿಸುತ್ತಾಳೆ, ಬೇರೇನೂ ಹಾಕುವುದಿಲ್ಲ. ನೀರು ತಿಂಗಳುಗಟ್ಟಲೆ ಒಂದೇ ಹದದಲ್ಲಿ ನಿಂತಿದೆ. ಮಾದೇಶ ಹೋದಾಗ ನೀರಿನ ಬಗ್ಗೆ ಮಾತ್ರ ಮಾತಾಡುತ್ತಾಳೆ. ಕಾಫಿ ಕೊಡುತ್ತಾಳೆ. ಲೋಟ ಚಾಚುವಾಗ ಅವಳ ಕೈಗಳತ್ತ ನೋಡಲು ಅವನಿಗೆ ಇನ್ನೂ ಆಗುವುದಿಲ್ಲ.