ನಾಟಿ ಗದ್ದೆಯಲ್ಲಿ ಒಂದೇ ಟೇಕ್

ನನ್ನ ಕಿರುಚಿತ್ರಕ್ಕೆ ಉಳಿದಿದ್ದು ಒಂದೇ ಶಾಟ್. ಅದು ಸಿಗದಿದ್ದರೆ ಚಿತ್ರಕ್ಕೆ ಕೊನೆಯೇ ಇಲ್ಲ. ಮಸ್ಕಿಯಲ್ಲಿ ಮದುವೆ ವಿಡಿಯೋ ತೆಗೆಯುವ ನನಗೆ ಲಿಂಗಸುಗೂರಿನ ಮೂರು ದಿನದ ಸಿನಿಮಾ ಶಿಬಿರಕ್ಕೆ ಹೋಗಿ ಬಂದಮೇಲೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೊಲದ ನಡುವೆ ಮನುಷ್ಯ ಚಿಕ್ಕದಾಗಿ ಕಂಡರೆ ಲಾಂಗ್ ಶಾಟ್, ಸೊಂಟದಿಂದ ಮೇಲೆ ಕಂಡರೆ ಮಿಡ್ ಶಾಟ್, ಮುಖವೊಂದೇ ತುಂಬಿಕೊಂಡರೆ ಕ್ಲೋಸಪ್. ಈ ಮೂರನ್ನೂ ಕ್ಯಾಮೆರಾ ಅಲುಗಿಸದೆ, ನಡುವೆ ಎಲ್ಲೂ ಕಟ್ ಮಾಡದೆ ಒಂದೇ ಟೇಕ್‌ನಲ್ಲಿ ತೆಗೆಯಬಹುದಂತೆ. ಪಾತ್ರವೇ ದೂರದಿಂದ ಲೆನ್ಸಿನ ಹತ್ತಿರ ಬರಬೇಕು, ಅಷ್ಟೇ. ನಾನು ಅದಕ್ಕೆ ಮರುಳಾಗಿದ್ದೆ.

ಭತ್ತ ನಾಟಿ ಮಾಡುತ್ತ ಆಚೆ ಬದುವಿನಿಂದ ಬರುವ ಹೆಂಗಸು ಕ್ಯಾಮೆರಾದ ಹತ್ತಿರ ಬಂದು, ತಲೆ ಎತ್ತಿ, ಬಹಳ ದಿನಕ್ಕೆ ಬಂದ ಮಗನನ್ನು, ಅಂದರೆ ಲೆನ್ಸನ್ನು, ನೋಡಬೇಕು. ಇದು ಕೊನೆಯ ದೃಶ್ಯ. ಹೆಂಗಸಿನ ಪಾತ್ರ ನನ್ನ ಅವ್ವನದು. ನನಗೆ ತಿಳಿವಳಿಕೆ ಬಂದಾಗಿನಿಂದಲೂ ಅವ್ವ ನನ್ನನ್ನು ಪಾಮನಕಲ್ಲೂರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟು ತುರ್ವಿಹಾಳಕ್ಕೆ ನಾಟಿಗೆ ಹೋಗುತ್ತಿದ್ದಳು. ಆಕೆ ಅಲ್ಲಿ ಕೆಲಸ ಮಾಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ನಾನೂ ಅವ್ವನೂ ತುರ್ವಿಹಾಳಕ್ಕೆ ಹೋಗುವ ಹೊತ್ತಿಗೆ ನಾಟಿ ಮುಗಿಯುತ್ತ ಬಂದು ಒಂದೇ ಮಡಿ, ಬದುಗಳ ನಡುವಿನ ಒಂದು ತುಂಡು ಗದ್ದೆ, ಉಳಿದಿತ್ತು. ನಾಟಿ ಹೆಂಗಸರ ಗುಂಪಿನ ಹಿರಿಯಾಕೆ ಖಡಾಖಂಡಿತವಾಗಿ ಹೇಳಿದಳು.

"ನೋಡಪಾ, ನಾವು ಗುತ್ತಿಗಿ ಹಿಡಿದೀವಿ. ನಿನ್ನ ಸಲುವಾಗಿ ನಿಲ್ಲಂಗಿಲ್ಲ. ಹಚ್ಚಿದ ಸಸಿ ಕಿತ್ತು ಮತ್ತ ಹಚ್ಚಂಗಿಲ್ಲ."

ಅಂದರೆ ರೀಟೇಕ್ ಇಲ್ಲ. ಮೇಲೆ ಮೋಡ ಬೇರೆ ಸರಿದಾಡುತ್ತಿತ್ತು. ಹಿಂದಿನ ಶಾಟ್‌ಗಳಲ್ಲಿ ಬಿಸಿಲಿದ್ದು ಇದರಲ್ಲಿ ಇಲ್ಲದಿದ್ದರೆ ಕಂಟಿನ್ಯುಟಿ ಕೆಡುತ್ತದೆ. ಬಿಸಿಲು ಬಿದ್ದದ್ದೇ ತಡ, ರೆಕಾರ್ಡ್ ಒತ್ತಿ "ಆ್ಯಕ್ಷನ್" ಎಂದು ಕೂಗಿದೆ. ಅವ್ವನೂ ಸೇರಿ ಹೆಂಗಸರು ಎದುರಿನ ಬದುವಿನ ಬಳಿ ಸಾಲಾಗಿ ಬಗ್ಗಿದರು. ಬಗ್ಗಿದ್ದು ಆ ಬದುವಿಗೆ ಮುಖ ಮಾಡಿ, ನನಗೆ ಬೆನ್ನು ಕೊಟ್ಟು. ಸಸಿ ಊರುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯತೊಡಗಿದರು. ಸ್ಕ್ರೀನಿನ ತುಂಬ ಹನ್ನೆರಡು ಬೆನ್ನುಗಳು!

"ಕಟ್! ಈ ಕಡಿ ಮಾರಿ ಮಾಡ್ರಿ!"

ಯಾರೂ ನಿಲ್ಲಲಿಲ್ಲ. ಅವ್ವ ಬಗ್ಗಿದಲ್ಲಿಂದಲೇ ಕೂಗಿದಳು: "ಮುಂದ ನಡದ್ರ ಹಚ್ಚಿದ್ದನ್ನ ತುಳೀತೀವಲ್ಲೋ ಹುಚ್ಚಪ್ಯಾಲಿ!"

ಗುಂಪು ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ನಾನು ಮಳೆ ನಂಬಿದ ಖುಷ್ಕಿ ಹೊಲದವನು. ನಮ್ಮಲ್ಲಿ ಕಳೆ ತೆಗೆಯುವವರು ಮುಂದಕ್ಕೆ ಸಾಗುತ್ತಾರೆ, ನಾಟಿಯೂ ಹಾಗೆಯೇ ಎಂದುಕೊಂಡಿದ್ದೆ. ಕೇಳಿದ್ದರೆ ಅವ್ವನೇ ಹೇಳುತ್ತಿದ್ದಳು. ಆದರೆ ಡೈರೆಕ್ಟರ್ ಸಾಹೇಬರು ಕೇಳುವುದುಂಟೇ?

ಟ್ರೈಪಾಡ್ ಹೆಗಲಿಗೇರಿಸಿ ಬದುವಿನ ಮೇಲೆ ಓಡಿದೆ. ಕಾಲು ಜಾರಿ ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಆಚೆ ಬದು ಮುಟ್ಟುವಷ್ಟರಲ್ಲಿ ಆರು ಸಾಲು ಹಸಿರು ಎದ್ದಿತ್ತು, ಒಳಗೆ ಇಳಿಯುವಂತಿರಲಿಲ್ಲ. ಮತ್ತೆ ರೆಕಾರ್ಡ್ ಒತ್ತಿ, ಝೂಮ್ ಮಾಡಿ ಅವ್ವನ ಮುಖ ಹಿಡಿದೆ. ಫೋಕಸ್ ಎರಡು ಸಲ ತಪ್ಪಿತು. ಇನ್ನು ಆಕೆ ಹಿಂದೆ ಸರಿದಂತೆಲ್ಲ ಕ್ಲೋಸಪ್ ಹೋಗಿ ಮಿಡ್ ಆಗುತ್ತದೆ, ಮಿಡ್ ಹೋಗಿ ಲಾಂಗ್ ಆಗುತ್ತದೆ. ಮುಖ ಕಾಣುವಷ್ಟು ಹತ್ತಿರ ಇರುವಾಗಲೇ ತಲೆ ಎತ್ತಿದರೆ ಚಿತ್ರ ಉಳಿದೀತು.

"ಅವ್ವಾ, ಈಗ ತಲಿ ಎತ್ತು!"

ಎತ್ತಲಿಲ್ಲ. ಬಲಗೈ ಕೆಸರಿಗಿಳಿದು ಏಳುತ್ತಲೇ ಇತ್ತು.

"ಅವ್ವಾ, ನೋಡಬೇ!"

ಮೊಳ ಮೊಳ ದೂರವಾದಳು. ಹನ್ನೆರಡು ಸೀರೆಗಳಲ್ಲಿ ಅವ್ವನದು ಯಾವುದೆಂದು ಹುಡುಕುವಂತಾಯಿತು. ಮಡಿ ಮುಗಿಯಿತು.

ಕಾಲುವೆಯಲ್ಲಿ ಕೈ ತೊಳೆಯುತ್ತಿದ್ದ ಅವ್ವನ ಮೇಲೆ ಹರಿಹಾಯ್ದೆ. "ಒಂದು ಸಲ ತಲಿ ಎತ್ತಿದ್ರ ನಿನ್ನ ಗಂಟೇನು ಹೋಗ್ತಿತ್ತು? ಎಲ್ಲಾ ಹಾಳಾತು!"

ಆಕೆ ಸಿಟ್ಟಾಗಲಿಲ್ಲ.

"ತಲಿ ಎತ್ತಿದ್ರ ಸಾಲಿನಾಗ ಹಿಂದುಳೀತೀನಿ, ನನ್ನ ಕೆಲಸ ಬಾಜೂದಾಕಿ ಮ್ಯಾಲ ಬೀಳತೈತಿ. ನೀ ಕೂಸಿದ್ದಾಗ ಇಂಥದ ಬದುವಿನ ಮ್ಯಾಲ ಮಲಗಿಸಿ, ನಿನ್ನ ಕಡಿ ಮಾರಿ ಮಾಡಿ ಹಚ್ಚಕೊಂತ ದೂರ ಹೋಗ್ತಿದ್ದೆ. ಚೀರಿ ಚೀರಿ ಅಳತಿದ್ದಿ. ಅವಾಗ ಎತ್ತಿಲ್ಲ, ಈಗ ನಿನ್ನ ಸಿನಿಮಾಕ್ಕ ಎತ್ತಲೇನು?"

ನನಗೆ ಅಳು ತಡೆಯಲಾಗಲಿಲ್ಲ.

ತಲೆ ಎತ್ತುವ ದೃಶ್ಯವನ್ನು ಕಥೆಯಿಂದಲೇ ಕಿತ್ತುಹಾಕಿದೆ. ಚಿತ್ರ ಈಗ ಅವ್ವ ದೂರವಾಗುವ ಆ ಟೇಕ್‌ನಲ್ಲೇ ಮುಗಿಯುತ್ತದೆ. ಕ್ಯಾಮೆರಾದ ಹಿಂದೆ ನಿಂತು "ಅವ್ವಾ, ನೋಡಬೇ" ಎಂದು ಕೂಗುವ ನನ್ನ ದನಿಯನ್ನೂ ನಾನು ಅಳಿಸಿಲ್ಲ.